ಮಂಚದ ಮೇಲಿನ ರೈಲು

ಕೆಲವರ ಮನೆಗೆ ನೆಂಟರು ಬರ್ತಾರೆ, ಕೆಲವರ ಮನೆಗೆ ಬೆಕ್ಕು ಬರುತ್ತೆ. ನಮ್ಮನೆಗೆ ರೈಲು ಬಂತು. ಅದು ಬಂದಮೇಲೆ ದಿನಾ ಒಂದಲ್ಲ ಒಂದು ನಡೀತಾನೇ ಇತ್ತು. ಈಗಲೂ ನೆನೆಸಿಕೊಂಡು ಅಡುಗೆಮನೇಲಿ ಒಬ್ಬಳೇ ನಗ್ತಿರ್ತೀನಿ, ನೋಡಿದವರು ಏನಂದುಕೊಳ್ತಾರೋ ದೇವರೇ ಬಲ್ಲ.

ಎಂಬತ್ತರ ದಶಕ ಮುಗೀತಾ ಬಂದಿದ್ದ ಕಾಲ. ನಾವಿದ್ದದ್ದು ಶಿಡ್ಲಘಟ್ಟದಲ್ಲಿ. ನಮ್ಮೆಜಮಾನರು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಮಾವನವರು ನಮ್ಮೂರ ಮೇಲೆ ಹೋಗೋ ಸಣ್ಣ ರೈಲಿನ ಲೈನಿನಲ್ಲೇ ಸ್ಟೇಷನ್ ಮಾಸ್ಟರಾಗಿದ್ದು ರಿಟೈರಾದವರು. ಆ ರೈಲು ನಿಧಾನ ಅಂದ್ರೆ ನಿಧಾನ. ನಡುವೆ ಇಳಿದು, ಹೊಲಕ್ಕೆ ನುಗ್ಗಿ ಕಡಲೆಕಾಯಿ ಕಿತ್ತುಕೊಂಡು ಮತ್ತೆ ಅದೇ ಡಬ್ಬಿ ಹತ್ತಬಹುದು ಅಂತ ಊರೆಲ್ಲ ತಮಾಷೆ ಮಾಡೋರು. ಮಾವನವರ ಮುಂದೆ ಮಾತ್ರ ಯಾರೂ ಉಸಿರೆತ್ತುತ್ತಿರಲಿಲ್ಲ. "ನಮ್ಮ ಗಾಡಿ ಯಾವತ್ತೂ ಲೇಟಾಗಿಲ್ಲ. ಟೈಂಟೇಬಲ್ ಬರೆದವರಿಗೆ ಆತುರ, ಅಷ್ಟೆ" ಅನ್ನೋರು. ಮೂವತ್ತು ವರ್ಷ ಸರ್ವೀಸ್ ಮಾಡಿದವರ ಹತ್ತಿರ ವಾದ ಮಾಡೋಕಾಗುತ್ತಾ?

ಹೀಗಿರೋವಾಗ ಈ ಹಳಿ ಕಿತ್ತು ದೊಡ್ಡ ಹಳಿ ಹಾಕ್ತಾರಂತೆ ಅನ್ನೋ ಸುದ್ದಿ ಬಂತು. ಮಾವನವರು ಸರಿಯಾಗಿ ಊಟ ಮಾಡೋದನ್ನೇ ಬಿಟ್ಟರು. ನಮ್ಮೆಜಮಾನರಿಗೆ ಅದು ನೋಡೋಕಾಗಲಿಲ್ಲ. "ಅದು ಹೋಗೋಕೆ ಮುಂಚೆ ಅಪ್ಪನ ಲೈನನ್ನ ಹಂಗಂಗೇ ಮಾಡಿಡ್ತೀನಿ ಕಣೆ. ಅಪ್ಪ ಒಂದ್ಸಲ ನೋಡಿ 'ಇದು ನಮ್ಮ ಗಾಡಿ' ಅಂದ್ರೆ ಸಾಕು, ನನಗೆ ಇನ್ನೇನೂ ಬೇಡ" ಅಂದರು. ಚಿಕ್ಕಬಳ್ಳಾಪುರದಿಂದ ಚಿಂತಾಮಣಿವರೆಗೆ ಮಾಡೋದು ಅಂತ ತೀರ್ಮಾನವಾಯ್ತು. ಮಾವನವರಿಗೆ ಹೇಳಿದ್ರೆ, "ಇಷ್ಟು ವಯಸ್ಸಾದಮೇಲೆ ಆಟದ ಸಾಮಾನಾ? ಆ ರೂಮಿಗೆ ನಾನು ಕಾಲಿಡಲ್ಲ" ಅಂದುಬಿಟ್ಟರು.

ತಲೆದಿಂಬಿನ ಕಡೆ ಚಿಕ್ಕಬಳ್ಳಾಪುರ

ಲೈನು ಹಾಕೋಕೆ ಉದ್ದವಾದ ಹಲಗೆ ಬೇಕಲ್ಲ? ಮನೇಲಿದ್ದ ಉದ್ದದ ಹಲಗೆ ಅಂದ್ರೆ ನಮ್ಮ ಮದುವೆಯ ಮಂಚದ್ದು. ಒಂದು ಭಾನುವಾರ ನಾನು ಬಟ್ಟೆ ಒಗೆದು ಬರೋಷ್ಟರಲ್ಲಿ ಹಾಸಿಗೆ ನೆಲಕ್ಕೆ ಬಂದಿತ್ತು, ಮಂಚದ ಮೇಲೆ ಹಳಿ ಬಿದ್ದಿತ್ತು. ನಾನು ಕೂಗಾಡಿದೆ, ಸುಳ್ಳು ಯಾಕೆ ಹೇಳಲಿ. ಆದರೆ ಬಗ್ಗಿ ನೋಡಿದ್ರೆ, ಬೆಂಕಿಕಡ್ಡಿ ಸೀಳಿ ಸೀಳಿ ಒಂದೊಂದು ಅಡ್ಡಪಟ್ಟಿನೂ ಸಮವಾಗಿ ಅಂಟಿಸಿದ್ದಾರೆ. ಅದನ್ನು ನೋಡಿದ ಮೇಲೆ ಬೈಯೋಕೆ ಬಾಯೇ ಬರಲಿಲ್ಲ.

ಆ ವಾರ ಕೈವಾರದಿಂದ ನಮ್ಮಮ್ಮ ಬಂದಳು. ಮಂಚದ ಮೇಲೆ ಏನೋ ಬೆಳ್ಳಗೆ ಹೊದಿಸಿರೋದು ನೋಡಿ ಬಾಗಿಲಲ್ಲೇ ನಿಂತಳು.

"ಅಳಿಯಂದಿರಿಗೆ ಹುಷಾರಿಲ್ವೇನೇ? ಯಾರೇ ಅಲ್ಲಿ ಮಲಗಿರೋದು?"

ನಾನು ಬಟ್ಟೆ ಎತ್ತಿ ತೋರಿಸಿದೆ. "ಯಾರೂ ಇಲ್ಲಮ್ಮ. ತಲೆದಿಂಬಿನ ಕಡೆ ಚಿಕ್ಕಬಳ್ಳಾಪುರ, ನಡುವೆ ಶಿಡ್ಲಘಟ್ಟ, ಕಾಲ ಕಡೆ ಚಿಂತಾಮಣಿ."

ಅಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡು ಪೂರ್ತಿ ನೋಡಿದಳು. "ಹಂಗಾದ್ರೆ ನಮ್ಮ ಕೈವಾರ ಎಲ್ಲಿ?"

ಯಜಮಾನರು ಬಹಳ ಗಂಭೀರವಾಗಿ, "ಕೈವಾರಕ್ಕೆ ರೈಲಿಲ್ಲ ಅತ್ತೆ. ಅಳತೆ ಪ್ರಕಾರ ಅದು ಮಂಚದಿಂದಾಚೆ, ಅಲ್ಲಿ ಕಿಟಕಿ ಕೆಳಗೆ ನೆಲದ ಮೇಲೆ ಬರುತ್ತೆ" ಅಂದರು.

ಅಮ್ಮ ತನ್ನ ಬ್ಯಾಗು ತಗೊಂಡು ಹೋಗಿ ಕಿಟಕಿ ಕೆಳಗಿಟ್ಟಳು. "ಸರಿಯಮ್ಮ, ನನ್ನ ಚಾಪೆ ನಮ್ಮೂರಲ್ಲೇ ಹಾಸಿಬಿಡು."

ಬದುವಿನ ಜಗಳ

ಮರದ ಹೊಟ್ಟಿಗೆ ಹಸಿರು ಬಣ್ಣ ಕಲಸಿ, ಒಣಗಿಸಿ, ಹಿಪ್ಪುನೇರಳೆ ತೋಟ ಮಾಡಿದ್ರು. ಸಾಲು ಸಾಲಾಗಿ, ನಡುನಡುವೆ ಕೆಮ್ಮಣ್ಣು ಕಾಣೋ ಹಾಗೆ. ದೂರದಲ್ಲಿ ಜಂಗಮಕೋಟೆ ಕಡೆ ತೋಟಗಳೂ ಬಂದವು. ಅಲ್ಲಿ ನಮ್ಮ ದೂರದ ಸಂಬಂಧಿಕರಿಬ್ಬರು, ಅಣ್ಣತಮ್ಮಂದಿರು, ರೇಷ್ಮೆ ಹುಳ ಸಾಕ್ತಿದ್ರು. ಗೂಡು ಮಾರೋಕೆ ಮಾರ್ಕೆಟ್ಟಿಗೆ ಬಂದ ಅಣ್ಣ ಕಾಫಿಗೆ ಅಂತ ನಮ್ಮನೆಗೂ ಬಂದ. ಲೋಟ ಹಿಡಿದುಕೊಂಡೇ ಮಂಚದ ಸುತ್ತ ಒಂದು ಸುತ್ತು ಹಾಕಿದ.

"ಅಬ್ಬಾ! ನಮ್ಮ ತೋಟ! ಮೇಷ್ಟ್ರೇ, ನಿಮ್ಮ ಕೈಗೆ ನಮಸ್ಕಾರ" ಅಂದ. ಆಮೇಲೆ ಬಗ್ಗಿ ಕಣ್ಣು ಕಿರಿದು ಮಾಡಿದ. "ಆದ್ರೆ ಈ ಬದು ಇಲ್ಲಿಗೆ ಹೆಂಗೆ ಬಂತು? ನಮ್ಮ ತಮ್ಮನಿಗೆ ಒಂದು ಸಾಲು ಜಾಸ್ತಿ ಕೊಟ್ಟಿದ್ದೀರಲ್ಲ?"

ಯಜಮಾನರು ನಗುತ್ತಾ ಬದುವನ್ನು ಬೆರಳಿಂದ ಆಚೆ ತಳ್ಳಿದ್ರು. ಅಲ್ಲಿಗೆ ಮುಗೀತು ಅಂದುಕೊಂಡ್ವಿ. ಮಾರನೇ ದಿನ ಬೆಳಗ್ಗೆ ಮೊದಲನೇ ಬಸ್ಸಿಗೇ ತಮ್ಮ ಹಾಜರು. ಕಾಫಿನೂ ಬೇಡ ಅಂದ.

"ನಮ್ಮಣ್ಣ ಊರೆಲ್ಲ ಹೇಳ್ಕೊಂಡು ಬರ್ತಾವ್ನೆ, ಮೇಷ್ಟ್ರೇ ಬದು ಸರಿಮಾಡಿ ಕೊಟ್ರು ಅಂತ. ಓದಿದವರು ನೀವೇ ಹಿಂಗೆ ಮಾಡಿದ್ರೆ ನಾವೆಲ್ಲಿಗೆ ಹೋಗೋಣ ಸಾಮಿ?"

ಬದು ವಾಪಸ್ಸು ಬಂತು. ಮುಂದಿನ ಸಂತೆಗೆ ಅಣ್ಣ ಮತ್ತೆ ಬಂದ. ಪಾಪ, ಯಜಮಾನರಿಗೆ ರೈಲು ಬಿಟ್ಟು ಇವರ ಪಂಚಾಯ್ತಿನೇ ಕೆಲಸ ಆಯ್ತು. ಕೊನೆಗೆ ಯೋಚನೆ ಮಾಡಿ, ಬದುವನ್ನೇ ಕಿತ್ತುಹಾಕಿ ಅದರ ಮೇಲೆ ಒಂದು ಟಾರ್ ರಸ್ತೆ ಎಳೆದುಬಿಟ್ಟರು. ಇಬ್ಬರನ್ನೂ ಒಟ್ಟಿಗೆ ಕರೆದು ತೋರಿಸಿದ್ರೆ, ಇಬ್ಬರ ಮುಖವೂ ಅರಳಿತು. ಹೋಗುವಾಗ ತಮ್ಮ ಅಣ್ಣನ ಹೆಗಲ ಮೇಲೆ ಕೈಹಾಕಿ ಹೇಳ್ತಿದ್ದ: "ಬುಡಣ್ಣೋ, ರೋಡು ಬಂತಲ್ಲ, ಇನ್ನು ನಮ್ಮ ಜಮೀನಿಗೆ ಒಳ್ಳೆ ರೇಟು!"

ತಂತಿ ಕಡಿದುಹೋಯ್ತು

ಪಕ್ಕದ ಮನೆ ಸಾಹೇಬರು ಗೂಡು ಬೇಯಿಸಿ ನೂಲು ತೆಗೆಯೋ ಕೆಲಸದವರು. ಯಜಮಾನರು ಊದುಬತ್ತಿ ಕಡ್ಡಿ ನೆಟ್ಟು ತಂತಿ ಕಂಬ ಮಾಡಿ, ಅದಕ್ಕೆ ಹೊಲಿಗೆ ದಾರ ಕಟ್ತಾ ಇದ್ದದ್ದು ಅವರ ಕಣ್ಣಿಗೆ ಬಿತ್ತು.

"ಏನ್ ಮೇಷ್ಟ್ರೇ, ಶಿಡ್ಲಘಟ್ಟದಲ್ಲಿ ಕೂತ್ಕೊಂಡು ಹತ್ತಿ ದಾರ ಕಟ್ತೀರಾ? ನಮ್ ಇಜ್ಜತ್ ಏನಾಗ್ಬೇಕು?" ಅಂತ ಎದ್ದು ಹೋದವರು ರೇಷ್ಮೆ ಎಳೆ ತಂದು, ಉಸಿರು ಬಿಗಿಹಿಡಿದು, ಕಂಬದಿಂದ ಕಂಬಕ್ಕೆ ತಾವೇ ಕಟ್ಟಿದ್ರು. ಬೆಳಕು ಬಿದ್ದಾಗ ಮಾತ್ರ ಕಾಣೋದು. ಅಷ್ಟು ಚೆಂದ, ನೋಡ್ತಾ ನಿಂತರೆ ಒಲೆ ಮೇಲಿನ ಹಾಲು ಮರೆತುಹೋಗೋದು.

ಆದರೆ ಸಾಹೇಬರಿಗೆ ಕಸುಬಿನ ಚಾಳಿ. ಎಳೆ ಕಂಡ್ರೆ ಎರಡು ಬೆರಳಲ್ಲಿ ಹಿಡಿದು ಎಳೆದು ನೋಡಲೇಬೇಕು. ಎರಡು ದಿನ ತಡೆದುಕೊಂಡ್ರು. ಮೂರನೇ ದಿನ ಎಳೆದೇಬಿಟ್ಟರು.

"ಅರೆರೆ! ತಂತಿ ಕಡಿದುಹೋಯ್ತು!" ಅಂತ ಅವರೇ ಕಿರುಚಿದ್ರು.

ಹಿತ್ತಲಲ್ಲಿ ಪೇಪರ್ ಓದ್ತಿದ್ದ ಮಾವನವರು ಬರಿಗಾಲಲ್ಲಿ ಓಡಿಬಂದರು. "ಎಲ್ಲಿ? ಯಾವ ಸ್ಟೇಷನ್ನಿಂದ ಯಾವ ಸ್ಟೇಷನ್ನಿಗೆ?" ಬಾಗಿಲಿಗೆ ಬಂದಮೇಲೆ ಗೊತ್ತಾಯ್ತು. ನಮ್ಮ ಮೂವರ ಮುಖ ನೋಡಿದ್ರು, ಕೆಮ್ಮಿದ್ರು, ಹೊಸ್ತಿಲು ದಾಟದೆ ವಾಪಸ್ಸು ಹೋದರು. ಯಜಮಾನರಿಗೆ ಅಷ್ಟಕ್ಕೇ ಹಬ್ಬ. "ಬಾಗಿಲವರೆಗೂ ಬಂದ್ರಲ್ಲೇ!"

ಅಂದು ಸಾಯಂಕಾಲ ಊಟಕ್ಕೆ ಕೂತಾಗ ಮಾವನವರು ಸಾರು ಕಲಸುತ್ತಾ, "ನೀರಿನ ಟ್ಯಾಂಕು ಆ ಕಡೆ ಅಲ್ಲ, ಈ ಕಡೆ" ಅಂದರು.

"ನೋಡಿದ್ರಾ ಅಪ್ಪ?"

"ನಾನ್ಯಾಕೆ ನೋಡಲಿ? ಆ ರೂಮಿಗೆ ಕಾಲಿಡಲ್ಲ ಅಂದಿಲ್ವಾ?"

ನಮ್ಮತ್ತೆ ಕೆಂಚಾರ್ಲಹಳ್ಳಿ ಕಡೆಯವರು, ಸಿಟ್ಟು ಬಂದ್ರೂ ನಗು ಬಂದ್ರೂ ತೆಲುಗೇ. "ಚೂಡಲೇದಂಟ, ಚೂಡಲೇದು!" ಅಂತ ಮೂಗು ಮುರಿದು, ಬೆಳಗ್ಗೆ ಒಗೆಯೋಕೆ ಹಾಕಿದ್ದ ಮಾವನವರ ಪಂಚೆ ತಂದು ನಮ್ಮ ಮುಂದೆ ಕೊಡವಿದರು. ನೋಡಿಲ್ಲವಂತೆ! ಪಂಚೆಯ ಅಂಚಿನಿಂದ ಜಂಗಮಕೋಟೆಯ ಅರ್ಧ ತೋಟ ಉದುರಿತು.

ತೊಡೆ ಮೇಲೆ ಚಿಂತಾಮಣಿ

ಚಿಕ್ಕಬಳ್ಳಾಪುರದ ಒಂದು ಶಾಲೆಯಲ್ಲಿ ವಸ್ತುಪ್ರದರ್ಶನ ಅಂತ ಆಹ್ವಾನ ಬಂತು. ಮಾವನವರನ್ನೂ ಕರೆದದ್ದಾಯ್ತು. "ಅಲ್ಲಿ ನನ್ನ ಸ್ನೇಹಿತರೊಬ್ಬರನ್ನ ನೋಡಬೇಕಿದೆ, ಅದಕ್ಕೆ ಬರ್ತೀನಿ. ನಿನ್ನ ಆಟದ ಸಾಮಾನಿಗಲ್ಲ" ಅಂದರು. ಅಂದವರು ಪೆಟ್ಟಿಗೆಯಿಂದ ಹಳೇ ಕರೀ ಕೋಟು ಯಾಕೆ ತೆಗೆದರೋ ನಾನು ಕೇಳಲಿಲ್ಲ.

ಲಾರಿಯಲ್ಲಿ ಹಾಕಿದ್ರೆ ಕುಲುಕಿ ಪುಡಿಯಾಗುತ್ತೆ ಅಂತ ರೈಲನ್ನ ರೈಲಲ್ಲೇ ತಗೊಂಡು ಹೋದ್ವಿ. ಹಲಗೆ ಬೆಂಚಿನ ಸಂದಿಯಲ್ಲಿ ಹಿಡಿಸಲಿಲ್ಲ. ಆಗ ಕೂತಿದ್ದ ಜನ ತಾವಾಗೇ, "ಕೊಡಿ ಕೊಡಿ, ಇಲ್ಲಿಡಿ" ಅಂತ ಎದುರುಬದುರು ತೊಡೆಗಳ ಮೇಲೆ ಇಟ್ಟುಕೊಂಡರು. ಎಂಥಾ ಜನ! ದಾರಿಯುದ್ದಕ್ಕೂ ಕಿಟಕಿಯಾಚೆ ನೋಡೋದು, ತೊಡೆ ಮೇಲೆ ನೋಡೋದು. "ಈ ಹುಣಸೇಮರ ಬಂತು ನೋಡು!" "ಆ ಕಲ್ಲುಬಂಡೆ ಎಲ್ಲಿ ಹಾಕವ್ರೆ?" ಅಂತ ಒಂದೇ ಗದ್ದಲ.

ನಡುವೆ ಒಂದು ಹಳ್ಳೀಲಿ ಗಾಡಿ ನಿಂತು ಹೊರಟಿತು. ಕೊನೆಯಲ್ಲಿ ಕೂತಿದ್ದ ರುಮಾಲಿನ ಅಜ್ಜ ಕಿಟಕಿ ಕಡೆ ನೋಡಿ ನಿಟ್ಟುಸಿರು ಬಿಟ್ಟರು.

"ಯಾಕಜ್ಜ?" ಅಂದೆ.

"ಏನಿಲ್ಲ ತಾಯಿ, ನಮ್ಮೂರು ಹೋಯ್ತು."

"ಅಯ್ಯೋ! ಇಳೀಬಾರದಿತ್ತಾ?"

"ಹೆಂಗಿಳಿಯಾಣ? ನಾನೆದ್ರೆ ಚಿಂತಾಮಣಿ ಬಿದ್ದೋಯ್ತದಲ್ಲವ್ವ!"

ಲೈನ್ ಕ್ಲಿಯರ್

ಶಾಲೆಯ ಹಾಲ್ ಜನರಿಂದ ತುಂಬಿತ್ತು. ಶಿಕ್ಷಣ ಇಲಾಖೆಯ ದೊಡ್ಡ ಅಧಿಕಾರಿಯೊಬ್ಬರು ಮುಖ್ಯ ಅತಿಥಿಗಳು. ಅವರು ಗೌರಿಬಿದನೂರಿನವರು. ಆ ಊರಿನ ಮೇಲೆ ಹೋಗೋದು ದೂರದೂರದ ದೊಡ್ಡ ರೈಲುಗಳು, ಹಾಗಾಗಿ ನಮ್ಮ ಸಣ್ಣ ರೈಲಿಗೆ ಕಾದು ಅಭ್ಯಾಸವಿಲ್ಲ. ಹಲಗೆ ಮೇಲಿನ ನಮ್ಮ ಗಾಡಿಗಳು ಓಡೋದು ಕರೆಂಟಿನಲ್ಲಿ. ಎರಡು ಸ್ವಿಚ್ಚು ಒಟ್ಟಿಗೆ ಒತ್ತಿದ್ರೆ ಚಿಕ್ಕಬಳ್ಳಾಪುರದಿಂದ ಒಂದು ಗಾಡಿ, ಚಿಂತಾಮಣಿಯಿಂದ ಒಂದು ಗಾಡಿ ಹೊರಟು ಶಿಡ್ಲಘಟ್ಟದಲ್ಲಿ ಅಕ್ಕಪಕ್ಕ ನಿಲ್ಲಬೇಕು. ಮನೇಲಿ ಎಷ್ಟೋ ಸಲ ನೋಡಿದ್ದೆ. ಕೂದಲೆಳೆ ತಪ್ಪುತ್ತಿರಲಿಲ್ಲ.

ಅತಿಥಿಗಳು ಒತ್ತಿದ್ರು. ಏನೂ ಇಲ್ಲ. ಮತ್ತೆ ಒತ್ತಿದ್ರು. ಇಂಜಿನ್ನು ಅಲ್ಲಾಡಲಿಲ್ಲ.

ಯಜಮಾನರ ಮುಖ ಬಿಳಿಚಿಕೊಂಡಿತು. ಹಲಗೆ ಇಟ್ಟಿದ್ದ ಮೇಜಿನ ಕೆಳಗೆ ತೂರಿ ವೈರು ಮುಟ್ಟಿ ಮುಟ್ಟಿ ನೋಡಿದ್ರು. ಇಷ್ಟು ದಿನದ ಕಷ್ಟ, ಅದೂ ಅಪ್ಪನ ಎದುರಿಗೆ! ನನಗಂತೂ ಅಳು ಬಂದುಬಿಟ್ಟಿತು.

"ಫ್ಯೂಸೇ ಇಲ್ಲ ಕಣೆ!" ಅಂದರು ಕೆಳಗಿನಿಂದ.

"ಇದೆ. ನನ್ನ ಹತ್ತಿರ ಇದೆ" ಅಂತು ಒಂದು ದನಿ. ನೋಡಿದ್ರೆ ಮಾವನವರು. ಕರೀ ಕೋಟು, ಎಲ್ಲಾ ಗುಂಡಿ ಹಾಕಿದ್ದಾರೆ, ಕೈಯಲ್ಲಿ ಫ್ಯೂಸು.

"ಅಪ್ಪಾ! ಯಾಕೆ ತೆಗೆದ್ರಿ?"

"ಯಾಕಾ? ಒಂದೇ ಲೈನು, ಎರಡೂ ಕಡೆಯಿಂದ ಗಾಡಿ ಬಿಡ್ತಿದೀಯ. ಮುಂದಿನ ಸ್ಟೇಷನ್ನನ್ನ ಕೇಳಿದ್ಯಾ? ಲೈನ್ ಕ್ಲಿಯರ್ ಬಂತಾ? ನನ್ನ ಸರ್ವೀಸಿನಲ್ಲಿ ಲೈನ್ ಕ್ಲಿಯರ್ ಇಲ್ಲದೆ ಒಂದು ಗಾಡಿ ಹೊರಟಿಲ್ಲ. ಇವತ್ತೂ ಹೊರಡಲ್ಲ."

ಅತಿಥಿಗಳಿಗೆ ತಾಳ್ಮೆ ಕೆಟ್ಟಿತು. "ಏನ್ರೀ ಇದು, ಬರೀ ಮಾಡೆಲ್ ತಾನೇ? ಹಾಕಿ ಫ್ಯೂಸು. ನನಗೆ ಇನ್ನೊಂದು ಕಾರ್ಯಕ್ರಮ ಇದೆ."

ಮಾವನವರು ಕೈ ಮುಗಿದರು. "ಕ್ಷಮಿಸಬೇಕು ಸಾರ್. ಸ್ವಿಚ್ಚಿನ ಮೇಲೆ ಕೈ ಇಟ್ಟಿರೋರು ಡ್ರೈವರು. ಡ್ರೈವರ್ ಸಿಗ್ನಲ್ ನೋಡಬೇಕು, ಮಾತಾಡಬಾರದು."

ಹಾಲಿನಲ್ಲಿ ಏನಾಯ್ತು ಅಂತೀರಿ? ಜನ ಬೇಜಾರು ಮಾಡಿಕೊಂಡ್ರಾ? ಇಲ್ಲ! ಎಲ್ಲಾ ನಮ್ಮ ಲೈನಿನವರೇ. "ಕ್ರಾಸಿಂಗ್ ಅಂತೆ, ಕೂತ್ಕೊಳಿ" ಅಂತ ಒಬ್ಬರಿಗೊಬ್ಬರು ಹೇಳಿಕೊಂಡು, ಆರಾಮಾಗಿ ನೆಲದ ಮೇಲೆ ಕೂತು ಬಿಟ್ಟರು. ಯಾರೋ ಕಡಲೆಕಾಯಿ ಪೊಟ್ಟಣ ಬಿಚ್ಚಿದ್ರು. ಒಬ್ಬ ಹೆಂಗಸು ಎಲೆ ಅಡಿಕೆ ಚೀಲ ತೆಗೆದಳು. ಮುಂದಿನ ಸಾಲಿನಲ್ಲಿದ್ದ ನಮ್ಮ ರುಮಾಲಿನ ಅಜ್ಜ ಕಾಲು ಚಾಚಿ ಕಣ್ಣು ಮುಚ್ಚಿಯೂ ಆಗಿತ್ತು.

ಮಾವನವರು ನಮ್ಮನ್ನೆಲ್ಲ ಡ್ಯೂಟಿಗೆ ಹಾಕಿದ್ರು. ಮಗನಿಗೆ ಚಿಂತಾಮಣಿ, ನನಗೆ ಶಿಡ್ಲಘಟ್ಟ, ತಾವು ಚಿಕ್ಕಬಳ್ಳಾಪುರ. ಫ್ಯೂಸು ಹಾಕಿಸಿದ್ರು. "ಶಿಡ್ಲಘಟ್ಟ, ಲೈನ್ ಕ್ಲಿಯರ್ ಇದೆಯಾ?" ಅಂದರು, ಹಾಲೆಲ್ಲ ಕೇಳೋ ಹಾಗೆ. ಸೊಸೆಯಾಗಿ ಬಂದಮೇಲೆ ಅವರಿಗೆ ಎದುರಾಗಿ ನಿಂತು ಗಟ್ಟಿಯಾಗಿ ಮಾತಾಡಿದವಳಲ್ಲ ನಾನು. ಆವತ್ತು ಕೂಗಿದೆ: "ಇದೆ ಮಾವ, ಕಳಿಸಿ!"

ಮಾವನವರು ಕೋಟಿನ ಜೇಬಿನಿಂದ ಹಸಿರು ಬಾವುಟ ತೆಗೆದು ಬೀಸಿದರು. ಅತಿಥಿಗಳು ಬೆನ್ನು ನೆಟ್ಟಗೆ ಮಾಡಿಕೊಂಡು ಸ್ವಿಚ್ಚು ಒತ್ತಿದ್ರು. ಗಾಡಿ ಹೊರಟಿತು. ಹುಣಸೇಮರ ದಾಟಿತು, ತೋಟ ದಾಟಿತು, ಬಂದು ನನ್ನ ಮುಂದೆ ನಿಂತಿತು. ಆಮೇಲೆ ಚಿಂತಾಮಣಿಯದ್ದೂ ಬಂದು ಪಕ್ಕಕ್ಕೆ ನಿಂತಿತು. ಏನು ಚಪ್ಪಾಳೆ, ಏನು ಶಿಳ್ಳೆ! ಅಜ್ಜ ಬೆಚ್ಚಿಬಿದ್ದು ಎದ್ದು ಯಾವ ಊರು ಬಂತು ಅಂತ ಕೇಳ್ತಿದ್ದರು. ಯಜಮಾನರು ಕಣ್ಣೊರೆಸಿಕೊಳ್ತಾ ಅಪ್ಪನ ಮುಖವನ್ನೇ ನೋಡ್ತಿದ್ದರು. ನನಗೆ ಆ ಇಬ್ಬರನ್ನೂ ನೋಡಿ ಹೆಮ್ಮೆ ತಡೆಯೋಕಾಗಲಿಲ್ಲ.

ಅತಿಥಿಗಳು ಈಗ ಪೂರ್ತಿ ಡ್ರೈವರೇ ಆಗಿಬಿಟ್ಟಿದ್ದರು, ಸ್ವಿಚ್ಚು ಬಿಡೋಕೆ ಮನಸ್ಸಿಲ್ಲ. "ಹೇಳಿ ಮಾಸ್ಟರೇ, ಹೇಗಿದೆ ನಿಮ್ಮ ಮಗ ಮಾಡಿರೋದು?" ಅಂದರು.

ಮಾವನವರು ಬಾವುಟ ಮಡಿಚಿದರು. "ಇದು ನಮ್ಮ ಗಾಡಿ" ಅಂದರು. ಯಜಮಾನರು ಅಲ್ಲೇ ಬಗ್ಗಿ ಅವರ ಕಾಲು ಮುಟ್ಟಿದರು. ಮಾವನವರು ಮಗನ ತಲೆ ಮೇಲೆ ಒಂದು ಕೈಯಿಟ್ಟು, ಇನ್ನೊಂದು ಕೈಯಲ್ಲಿ ಜೇಬಿನ ಗಡಿಯಾರ ತೆಗೆದು ನೋಡಿದರು.

"ಎಲ್ಲಾ ಸರಿಯಾಗಿದೆ ಸಾರ್. ಒಂದೇ ಒಂದು ತಪ್ಪು," ಅಂದರು. "ಕರೆಕ್ಟ್ ಟೈಮಿಗೆ ಬಂದುಬಿಡ್ತು."