ಶತ್ರುವಿನ ಕುರ್ಚಿ

ಆ ಭಾನುವಾರ ಮಧ್ಯಾಹ್ನ ಚಾಮರಾಜಪೇಟೆಯ ಮನೆಯಲ್ಲಿ ಊಟದ ಮೇಜಿನ ಸುತ್ತ ನಾವು ನಾಲ್ವರಿದ್ದೆವು: ನನ್ನ ಸೋದರತ್ತೆ, ಅವರ ಯಜಮಾನರಾದ ಮಾವ, ನಾನು, ನನ್ನ ಹೆಂಡತಿ. ಐದನೆಯ ಕುರ್ಚಿ ಖಾಲಿ ಇತ್ತು. ಖಾಲಿ ಎಂದರೆ ಅತ್ತೆ ಒಪ್ಪುವುದಿಲ್ಲ. ಅದು ಶತ್ರುವಿನ ಕುರ್ಚಿ! ಅರವತ್ತಮೂರು ವರ್ಷದ ನನ್ನ ಅತ್ತೆಯಷ್ಟು ಅಪಾಯಕಾರಿ ಹೆಂಗಸು ಈ ಪೇಟೆಯಲ್ಲೇ ಇನ್ನೊಬ್ಬರಿಲ್ಲ ಎಂದರೆ ನೀವು ನಗುತ್ತೀರಿ. ನಗಿ. ನಾವೂ ಮೊದಮೊದಲು ನಕ್ಕವರೇ.

ಹೈಸ್ಕೂಲಿನಲ್ಲಿ ಭೂಗೋಳ ಪಾಠ ಮಾಡಿ ನಿವೃತ್ತರಾದ ಮೇಲೆ ಅತ್ತೆಯ ಓರಗೆಯವರು ಭಜನೆಗೆ ಹೋದರು, ಯೋಗಕ್ಕೆ ಹೋದರು, ಕಾಶಿಗೆ ಹೋದರು. ಅತ್ತೆ ಎಂ.ಎ.ಗೆ ಹೋದರು. ಅದೂ ಎಂಥ ಎಂ.ಎ.? ಅಂತರರಾಷ್ಟ್ರೀಯ ಭದ್ರತೆ, ರಕ್ಷಣೆ ಮತ್ತು ಯುದ್ಧತಂತ್ರ! ಪುಸ್ತಕ ಕೊಳ್ಳಲು ಅವೆನ್ಯೂ ರಸ್ತೆಗೆ ನಾನೇ ಜೊತೆಗೆ ಹೋಗಿದ್ದೆ. ಹಳೇ ಪುಸ್ತಕದ ಅಂಗಡಿಯವನು ಅಕ್ಕರೆಯಿಂದ, "ಮೊಮ್ಮಗನಿಗಾ ಅಮ್ಮಾ?" ಎಂದ.

"ನಂಗೇ ಕಣಪ್ಪಾ. ಇದ್ರಲ್ಲಿ ಅಣುಬಾಂಬಿನ ಪಾಠ ಹರಿದೋಗಿದೆ, ಬೇರೆ ಕೊಡು."

ಅವನು ಆಮೇಲೆ ಚೌಕಾಸಿಗೇ ಇಳಿಯಲಿಲ್ಲ.

ಅವರ ಕ್ಲಾಸಿನಲ್ಲಿ ವಾರ್ ಗೇಮ್ ಎಂದೊಂದು ಅಭ್ಯಾಸವಿದೆ. ಹುಡುಗರು ಎರಡು ಪಾಳಯವಾಗಿ ನಕಾಶೆಯ ಮೇಲೆ ಯುದ್ಧ ಆಡಬೇಕು. ಶತ್ರುವಿನ ಪಾತ್ರ ಯಾರಿಗೂ ಬೇಡ. ಆಂಟಿಗೆ ಕೊಟ್ಟರೆ ಬೇಗ ಗೆದ್ದು ಕ್ಯಾಂಟೀನಿಗೆ ಹೋಗಬಹುದು ಎಂದು ಲೆಕ್ಕ ಹಾಕಿದರು, ಪಾಪ. ಊಟದ ಹೊತ್ತಿಗೆ ಅತ್ತೆ ಅವರ ಸೇತುವೆ, ಬಂದರು, ಕರೆಂಟು ಮೂರನ್ನೂ ಕಿತ್ತುಕೊಂಡು, ಸೋತವರಿಗೆಲ್ಲ ಚಿತ್ರಾನ್ನ ಹಂಚಿದರಂತೆ! ಅಂದಿನಿಂದ ಅವರೇ ಕಾಯಂ ಶತ್ರು. "ಶತ್ರು ಏನು ಮಾಡಬಹುದು ಅಂತ ಊಹೆ ಮಾಡಬೇಡಿ. ಅವನ ಕುರ್ಚಿಯಲ್ಲಿ ಕೂತು ನೋಡಿ" ಎಂದು ಅವರ ಪ್ರೊಫೆಸರು ಹೇಳಿದರು. ಮೇಷ್ಟರು ಹೇಳಿದ್ದನ್ನು ಅಕ್ಷರಶಃ ಪಾಲಿಸುವ ತಲೆಮಾರು ನಮ್ಮತ್ತೆಯದು. ಮನೆಗೆ ಬಂದವರೇ, ಕಿಟಕಿಗೆ ಬೆನ್ನು ಹಾಕಿದ್ದ ಕುರ್ಚಿಯೊಂದನ್ನು ಅದಕ್ಕೆಂದೇ ಗೊತ್ತು ಮಾಡಿದರು.

ಅದರಲ್ಲಿ ಅವರು ಕೂತಾಗ ಮುಖ ನೆರಳಿಗೆ ಹೋಗುತ್ತಿತ್ತು. ಕಣ್ಣು ಮುಚ್ಚುತ್ತಿದ್ದರು. ಮೇಲುಸಿರು ಬಿಟ್ಟು ಬಿಟ್ಟು, ಯಾರದೋ ದನಿಯಲ್ಲಿ ಮಾತಾಡುತ್ತಿದ್ದರು. ಮೊದಲ ಸಲ ಕಳ್ಳನಾದರು. "ಮುಂದಿನ ಬಾಗಿಲಿಗೆ ಬರಲ್ಲ ನಾನು. ಪಕ್ಕದ ಮನೆ ನೀರಿನ ತೊಟ್ಟಿ ಹತ್ತಿ, ಹಿತ್ತಲ ಕಿಟಕಿಗೆ ಬರ್ತೀನಿ. ಎಡಗಡೆ ಎರಡು ಸರಳು ಸಡಿಲ ಇದೆ." ನಾನು ನಗುತ್ತಲೇ ಹೋಗಿ ಸರಳು ಅಲ್ಲಾಡಿಸಿದೆ. ಎರಡೂ ಕೈಗೇ ಬಂದವು. ಅವನ್ನು ಹಿಡಿದುಕೊಂಡು ವಾಪಸು ಬರುವಾಗ ನನಗೆ ನಗು ಇರಲಿಲ್ಲ.

ನನ್ನ ಹೆಂಡತಿಗೆ ಮಾತ್ರ ಹುಡುಗಾಟ. "ಅತ್ತೆ, ಒಂದ್ಸಲ ನಮ್ಮನೆಯವರ ಶತ್ರು ಆಗಿ ನೋಡಿ" ಎಂದಳು. ಅತ್ತೆ ಕೂತರು, ಒಂದು ಕಣ್ಣು ತೆರೆದು ನನ್ನನ್ನು ಅಡಿಯಿಂದ ಮುಡಿವರೆಗೆ ಅಳೆದರು. "ನನ್ನ ಅಗತ್ಯ ಇಲ್ಲ. ಇವನ ಹೊಟ್ಟೆನೇ ಎಲ್ಲ ಮಾಡ್ತಿದೆ."

ಇಷ್ಟರಲ್ಲಿ ಮಾವನಿಗೆ ಎದೆನೋವು ಬಂದಿತ್ತು. ರಕ್ತನಾಳ ಕಟ್ಟಿಕೊಂಡಿದೆ, ಆಪರೇಷನ್ ಆಗಲೇಬೇಕು ಎಂದಿದ್ದರು ಡಾಕ್ಟರು. ಮಾವ ರೈಲ್ವೆಯಲ್ಲಿ ಗುಮಾಸ್ತರಾಗಿದ್ದವರು, ಗಾಡಿ ತಡವಾದರೆ ಗಾಬರಿಪಡುವ ಜಾಯಮಾನದವರಲ್ಲ. "ದೀಪಾವಳಿ ಕಳೀಲಿ, ನೋಡೋಣ" ಎನ್ನುತ್ತಿದ್ದರು. ಅತ್ತೆ ಬೇಡಿದರು, ಜಗಳ ಆಡಿದರು, ಎರಡು ದಿನ ಮಾತು ಬಿಟ್ಟರು. ಊಹ್ಞೂಂ!

ಆ ಭಾನುವಾರ ಮಜ್ಜಿಗೆ ಅನ್ನ ಮುಗಿಯುವ ಮೊದಲೇ ಅತ್ತೆ ಎದ್ದು ಹೋಗಿ ಆ ಕುರ್ಚಿಯಲ್ಲಿ ಕೂತರು. ಯಾರೂ ಕೇಳಿರಲಿಲ್ಲ. ಹೊರಗೆ ಸುಡುಬಿಸಿಲು. ಬೀದಿಯಲ್ಲಿ ಒಂದು ಸ್ಕೂಟರಿನ ಸದ್ದೂ ಇಲ್ಲ.

"ನಾನ್ಯಾರು ಅಂತ ಹೇಳಲ್ಲ. ಆ ಮನುಷ್ಯನ್ನ ಕರ್ಕೊಂಡು ಹೋಗಕ್ಕೆ ಬಂದಿದೀನಿ."

ಮಾವನ ಕೈ ತಟ್ಟೆಯ ಮೇಲೇ ನಿಂತಿತು.

"ಆಸ್ಪತ್ರೆಗೆ ಬರಲ್ಲ, ಅಲ್ಲಿ ಜನ ಇರ್ತಾರೆ. ಬೆಳಿಗ್ಗೆ ಆರೂಮುಕ್ಕಾಲು. ಬಚ್ಚಲುಮನೆ. ಒಳಗಿಂದ ಚಿಲಕ ಹಾಕಿರುತ್ತೆ. ಇವಳು ಅಡುಗೆಮನೇಲಿ ಮಿಕ್ಸಿ ಹಾಕಿರ್ತಾಳೆ. ಕೂಗಿದ್ರೂ ಇವಳಿಗೆ ಕೇಳ್ಸಲ್ಲ. ನಾಲ್ಕು ನಿಮಿಷ ಸಾಕು ನಂಗೆ."

'ಇವಳು' ಎಂದು ಅವರು ಹೇಳಿದ್ದು ತಮ್ಮನ್ನೇ! ನನ್ನ ಹೆಂಡತಿ ನನ್ನ ತೋಳನ್ನು ಹಿಡಿದುಕೊಂಡಳು.

"ಚಟ್ನಿ ರುಬ್ಬೋ ಹೊತ್ತಿಗೇ ಬರ್ಬೇಕಾ ಅವ್ನು? ತಿಂಡಿ ತಿಂದಾದ್ಮೇಲೆ ಬರಕ್ಕೆ ಹೇಳೇ" ಎಂದರು ಮಾವ. ಆಮೇಲೆ ಸಣ್ಣ ದನಿಯಲ್ಲಿ, "ಸಾಕು, ಏಳೇ" ಎಂದರು.

ಅತ್ತೆ ಎದ್ದರು. ದನಿ ಮಾಮೂಲಿಗೆ ಬಂದಿತ್ತು. "ರೀ, ಸ್ಕ್ರೂಡ್ರೈವರ್ ಎಲ್ಲಿಟ್ಟಿದೀರಿ?"

ಬಚ್ಚಲಿನ ಚಿಲಕ ಕಿತ್ತೇಬಿಟ್ಟರು! ಮದುವೆಯಾಗಿ ನಲವತ್ತು ವರ್ಷವಾದರೂ ಟವೆಲು ಸುತ್ತಿಕೊಂಡು ಹೆಂಡತಿಯ ಎದುರು ಬಾರದ ಮಾವ ಕೂಗಾಡಿದರು. ಕೊನೆಗೆ ಒಪ್ಪಂದವಾಯಿತು: ಮಾವ ಹೊರಗೆ ಬರುವ ತನಕ ಅತ್ತೆ ಮಿಕ್ಸಿ ಹಾಕಕೂಡದು, ಮಾವ ಒಳಗೆ ದನಿ ನಿಲ್ಲಿಸಕೂಡದು. ಮಾವನಿಗೆ ಹಾಡು ಬರದು, ಶ್ಲೋಕ ಬರದು. ಬಂದದ್ದನ್ನು ಹೇಳತೊಡಗಿದರು. ಮೈಮೇಲೆ ಮೊದಲ ಚೊಂಬು ನೀರು ಬಿದ್ದ ಕೂಡಲೇ ಬೆಂಗಳೂರು. ಆಮೇಲೆ ನಾಯಂಡಹಳ್ಳಿ, ಕೆಂಗೇರಿ, ಹೆಜ್ಜಾಲ, ಬಿಡದಿ... ಸೋಪು ಹಚ್ಚುವಾಗ ರಾಮನಗರ. ಮೈಸೂರು ಬಂತೆಂದರೆ ಸ್ನಾನ ಮುಗಿಯಿತು! ಅತ್ತೆ ಕಾಯಿ ತುರಿಯುತ್ತ ಗೋಡೆಯಾಚೆಯ ಆ ದನಿಯ ಜೊತೆಗೇ ದಿನವೂ ಪ್ರಯಾಣ ಮಾಡುತ್ತಿದ್ದರು.

ಮೂರನೆಯ ವಾರ, ಒಂದು ಗುರುವಾರ, ಚನ್ನಪಟ್ಟಣ ಆಯಿತು. ಮದ್ದೂರು ಆಯಿತು. ಮಂಡ್ಯ ಬರಲಿಲ್ಲ.

ನಲ್ಲಿಯ ನೀರು ಮಾತ್ರ ಸುರಿಯುತ್ತಿತ್ತಂತೆ. ಅತ್ತೆ ಓಡುವಾಗ ನಡುಮನೆಯ ಗಡಿಯಾರ ಕಣ್ಣಿಗೆ ಬಿತ್ತು: ಆರು ನಲವತ್ತಾರು. ಮಾವ ದಿನವೂ ಅದೇ ಹೊತ್ತಿಗೆ ಸ್ನಾನ ಮಾಡುವವರು, ಇದರಲ್ಲೇನು ಮಹಾ ಎಂದು ನೀವು ಕೇಳಬಹುದು. ನಾನೂ ಹಾಗೆಯೇ ಸಮಾಧಾನ ಮಾಡಿಕೊಂಡಿದ್ದೇನೆ, ಹಗಲು ಹೊತ್ತಿನಲ್ಲಿ.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರು: "ಬಿದ್ದು ಎಷ್ಟು ಹೊತ್ತಿಗೆ ನೋಡಿದ್ರಿ?"

"ಮದ್ದೂರು ಬಿಟ್ಟು ಅರ್ಧ ನಿಮಿಷ" ಎಂದರು ಅತ್ತೆ. ಡಾಕ್ಟರು ನನ್ನ ಮುಖ ನೋಡಿದರು. ಬಿಡಿಸಿ ಹೇಳಿದೆ. ಅವರು ಬೇರೇನೂ ಕೇಳದೆ ಒಳಗೆ ಓಡಿದರು.

ಆಪರೇಷನ್ ನಡೆಯುವಾಗ ಕಾರಿಡಾರಿನ ಕುರ್ಚಿಗಳಲ್ಲಿ ನಾವಿಬ್ಬರೇ. ಅತ್ತೆಯ ಸೀರೆಯ ಅಂಚು ಇನ್ನೂ ಒದ್ದೆ ಇತ್ತು. ಧೈರ್ಯ ತುಂಬಲು ನನಗೆ ಬೇರೆ ಮಾತು ತೋಚದೆ ಕೇಳಿಬಿಟ್ಟೆ: "ಅತ್ತೇ, ಈಗ ಅವನು ಏನ್ ಮಾಡ್ತಾನೆ?"

ಅತ್ತೆ ಕಣ್ಣು ಮುಚ್ಚಿದರು. ನಾನು ಆ ಇನ್ನೊಂದು ದನಿಗೆ ಹೆದರುತ್ತ ಕಾದೆ. ಬಂದದ್ದು ಅವರದೇ ದನಿ.

"ಗೊತ್ತಿಲ್ಲ ಕಣೋ. ಅವನ ಜಾಗದಲ್ಲಿ ಹೋಗಿ ಕೂತ್ಕೊಳ್ಳಕ್ಕೆ ಆಗ್ತಿಲ್ಲ. ನನ್ನ ಜಾಗ ಬಿಟ್ಟು ಏಳಕ್ಕೇ ಆಗ್ತಿಲ್ಲ."

ನನ್ನ ಭುಜದ ಮೇಲೆ ತಲೆಯಿಟ್ಟರು. ನನ್ನನ್ನು ಎತ್ತಿ ಆಡಿಸಿದ ಹೆಂಗಸು, ಎಷ್ಟು ಹಗುರ ಇದ್ದರು!

ಹನ್ನೊಂದನೆಯ ದಿನ ಮಾವ ಮನೆಗೆ ಬಂದರು. ಅಷ್ಟರಲ್ಲಿ ಅತ್ತೆಯ ಕೊನೆಯ ಸೆಮಿಸ್ಟರಿನ ಪರೀಕ್ಷೆ ಮುಗಿದುಹೋಗಿತ್ತು. ಮುಂದಿನ ವರ್ಷ ಬರೆದರು. ಅತ್ತೆ ಬೇಡವೆಂದರೂ ಕೇಳದೆ ಮಾವ ಆಟೋದಲ್ಲಿ ಜೊತೆಗೆ ಹೋಗಿ, ಕಾಲೇಜಿನ ಗೇಟಿನ ಬಳಿಯ ಕಲ್ಲುಬೆಂಚಿನ ಮೇಲೆ ಮೂರು ಗಂಟೆ ಕೂತಿದ್ದು, ಅವರನ್ನು ಕರೆದುಕೊಂಡು ಬಂದರು.