ಮೀನಿಗೆ ಹೊಸ ನೀರು

ಮೀನಿನ ತೊಟ್ಟಿ ಇರುವ ಮನೆಯಲ್ಲಿ ಮೀನುಗಳು ಆರಾಮಾಗಿ ಈಜುತ್ತವೆ, ಉಸಿರು ಕಟ್ಟುವುದು ಮನೆಯವರಿಗೆ. ಒಂದು ಗೊಂದಲ ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು ತೇಲಿ ಬರುತ್ತದೆ.

ನನ್ನ ಸೊಸೆ ಹೆರಿಗೆಗೆಂದು ಗದಗಿನ ತವರಿಗೆ ಹೋಗುವಾಗ ತನ್ನ ಐದು ಗೋಲ್ಡ್ ಫಿಶ್‌ಗಳನ್ನು ನನಗೆ ಒಪ್ಪಿಸಿದಳು.

"ಅತ್ತಿ, ನಾ ಬರೂತನಕಾ ಇವು ಐದೂ ಬದುಕಿರಬೇಕ್ರಿ."

"ಧಾರವಾಡದಾಗ ಕೆಮಿಸ್ಟ್ರಿ ಓದಿ ಬಿ.ಎಸ್ಸಿ. ಮಾಡಿದಾಕಿ ನಾ. ನೀ ಕೂಸಿನ ಚಿಂತಿ ಮಾಡವಾ, ಮೀನಿನ ಚಿಂತಿ ನನಗ ಬಿಡು" ಎಂದೆ.

ಅಂದಿನಿಂದ ತೊಟ್ಟಿಯ ನೀರನ್ನು ದಿನಾ ಪರೀಕ್ಷಿಸಿ ಫಲಿತಾಂಶವನ್ನೆಲ್ಲ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟೆ. ಗ್ಯಾಸ್ ಸಿಲಿಂಡರ್ ಹಚ್ಚಿದ ದಿನ ಬರೆಯಲು ಜಾಗವೇ ಉಳಿಯಲಿಲ್ಲ.

ಸ್ಪಂಜಿನ ಮಡಿ

ನನಗೆ ನೆರವಾಗಲೆಂದು ಸುಳ್ಳ ಗ್ರಾಮದಿಂದ ನಾದಿನಿ ಬಂದಳು. ಹೊಲಸು ಕಂಡರೆ ಅವಳ ಕೈ ಸುಮ್ಮನಿರುವುದಿಲ್ಲ. ನಾನು ಸಂತೆಗೆ ಹೋದಾಗ ಫಿಲ್ಟರಿನ ಸ್ಪಂಜು ಕಿತ್ತು, ಸೋಪಿನ ಪುಡಿ ಹಾಕಿ, ಬಿಸಿನೀರಲ್ಲಿ ತಿಕ್ಕಿ, ಮಾಳಿಗೆ ಮೇಲೆ ಒಣಗಿಸಿ, ಮತ್ತೆ ಕೂಡಿಸಿಬಿಟ್ಟಿದ್ದಳು. ಮರುದಿನ ತೊಟ್ಟಿಯ ನೀರು ಅಕ್ಕಿ ತೊಳೆದ ನೀರಾಗಿತ್ತು.

"ಆ ಕಂದು ಹೊಲಸಿನ್ಯಾಗ ಸಣ್ಣ ಸಣ್ಣ ಜೀವಾ ಇರ್ತಾವವಾ" ಎಂದು ತಿಳಿಸಿ ಹೇಳಿದೆ. "ಮೀನಿನ ಹೊಲಸು ತಿಂದು ನೀರು ಶುದ್ಧ ಇಡಾವು ಅವ. ಸ್ಪಂಜನ್ನ ತೊಟ್ಟಿ ನೀರಾಗ ಹಗೂರಕ ಹಿಂಡಿದ್ರ ಸಾಕು."

ಅವಳು ನನ್ನನ್ನೇ ನೋಡಿದಳು. "ಹೊಲಸು ಹೋಗಬೇಕಂದ್ರ ಹೊಲಸು ಇಟ್ಕೋಬೇಕು. ವೈನಿ, ಇಷ್ಟ ಕಲಿಯಾಕ ನಿಮಗ ಕಾಲೇಜ್ ಬೇಕಾತೇನು?"

ಗುಳುಗುಳು

ಒಂದು ಮಧ್ಯಾಹ್ನ ನೋಡಿದರೆ ಐದೂ ಮೀನು ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿವೆ. ಎದುರಿಗೆ ಕುರ್ಚಿ ಹಾಕಿಕೊಂಡು ಕುಳಿತ ನಮ್ಮ ಯಜಮಾನರ ಮುಖದಲ್ಲಿ ಪರಮಾನಂದ.

"ಬಾ ಇಲ್ಲೆ! ನನ್ನ ಕೂಡ ಮಾತಾಡಾಕತ್ತಾವ!"

"ಮಾತಲ್ರಿ ಅದು, ಉಸಿರು ಸಿಗವಲ್ದು ಅವಕ್ಕ. ಫಿಲ್ಟರ್ ಯಾರು ಬಂದ್ ಮಾಡಿದ್ರು?"

"ನಾನ ಮಾಡೇನಿ. ಆ ಗುಳುಗುಳು ಸಪ್ಪಳಾ ಕೇಳಿದ್ರ ನನಗ ಘಳಿಗಿಗೊಮ್ಮೆ ಬಚ್ಚಲಕ್ಕ ಹೋಗಬೇಕನಸ್ತದ."

ಬಯ್ಯುತ್ತಲೇ ಸ್ವಿಚ್ ಹಾಕಿದೆ. ಸ್ವಲ್ಪ ಹೊತ್ತಿಗೆ ಮೀನುಗಳು ಬಾಯಿ ಮುಚ್ಚಿ ತಳಕ್ಕೆ ಇಳಿದವು.

"ನೋಡು" ಅಂದರು, "ನಿನ್ನ ದನಿ ಕೇಳಿ ಅವೂ ಸುಮ್ಮನಾದ್ವು."

ಶ್ರಾವಣ ಸೋಮವಾರ

"ಮನ್ಯಾಗ ಎಲ್ಲಾರೂ ಉಪಾಸ, ಇವಕ್ಕೇನು ವಿಶೇಷ?" ಎಂದು ಯಜಮಾನರು ಸೋಮವಾರ ಮೀನಿಗೆ ಕಾಳು ಹಾಕಲಿಲ್ಲ. ನಾನು ಜಗಳಕ್ಕೆ ನಿಂತೆ. ಆದರೆ ಮರುದಿನದ ಪರೀಕ್ಷೆಯಲ್ಲಿ ನೀರು ಎಂದೂ ಇಲ್ಲದಷ್ಟು ಚೆನ್ನಾಗಿತ್ತು. ಉಳಿದ ಕಾಳು ಕೊಳೆತೇ ನೀರು ಕೆಡುವುದು! ವಾರಕ್ಕೊಂದು ಉಪವಾಸ ಕಾಯಂ ಮಾಡಿದೆ.

ಎರಡನೇ ಸಲ ಉಪವಾಸದ ಸಾಬುದಾಣಿ ಬಡಿಸಿಕೊಳ್ಳುತ್ತಿದ್ದ ತನ್ನ ಅಣ್ಣನನ್ನು ನೋಡಿ ನಾದಿನಿ ಅಂದಳು: "ಈ ಮನ್ಯಾಗ ಖರೇ ಉಪಾಸಾ ಮಾಡಾವು ಮೀನ ಅಷ್ಟ."

ಬೀಗರ ಜಳಕ

ಸೊಸೆ ಕೂಸಿನೊಂದಿಗೆ ಮರಳುವ ದಿನ ಬಂತು. ಕರೆತರುವವರು ಅವಳ ತಂದೆ, ನಮ್ಮ ಬೀಗರು. ಜಳಕ, ಲಿಂಗಪೂಜೆ ಆಗದೆ ಹನಿ ಚಹಾ ಮುಟ್ಟದ ಮನುಷ್ಯ. ನಮ್ಮ ಹುಬ್ಬಳ್ಳಿಯಲ್ಲಿ ನಳ ದಿನಾ ಬರುವುದಿಲ್ಲ. ಆ ವಾರವಂತೂ ಪೈಪ್ ಒಡೆದು ಬರಲೇ ಇಲ್ಲ. ಡ್ರಮ್ಮುಗಳ ತಳ ಕಂಡಿತ್ತು. ಟ್ಯಾಂಕರ್ ಮಧ್ಯಾಹ್ನಕ್ಕೆ ಬರುವುದಿತ್ತು. ಮನೆಯಲ್ಲಿ ಉಳಿದದ್ದು ಕ್ಲೋರಿನ್ ಹೋಗಲೆಂದು ನಾನು ಮೆಟ್ಟಿಲ ಕೆಳಗೆ ಇಟ್ಟಿದ್ದ ಎರಡು ಬಕೆಟ್ ಮಾತ್ರ. ಅವಕ್ಕೆ ಚೀಟಿ ಹಚ್ಚಿದ್ದೆ: "ಮೀನಿನ ನೀರು. ಮುಟ್ಟಬಾರದು."

"ಬೀಗರ ಜಳಕಕ್ಕ ಕೊಟ್ಟಬಿಡು" ಅಂದರು ಯಜಮಾನರು.

"ಒಂದ ದಿನಾ ಜಳಕಾ ತಡಾ ಆದ್ರ ಬೀಗರಿಗೆ ಏನೂ ಆಗಂಗಿಲ್ರಿ. ನೀರು ಬದಲಿ ಆಗಲಿಲ್ಲಂದ್ರ ಮೀನ ಸಾಯ್ತಾವ."

ಬೆಳಗ್ಗೆಯೇ ತೊಟ್ಟಿಯಿಂದ ಎರಡು ಬಕೆಟ್ ಹಳೆಯ ನೀರು ತೆಗೆದು, ಗುಲಾಬಿ ಗಿಡಕ್ಕೆಂದು ಬಚ್ಚಲಲ್ಲಿಟ್ಟು, ಹೊಸದನ್ನು ಸುರಿದೆ. ಅಷ್ಟರಲ್ಲಿ ಕಾರು ಬಂತು. ಆರತಿ ಮಾಡಿ, ಬಾಣಂತಿಯನ್ನೂ ಕೂಸನ್ನೂ ಒಳಗೆ ಕೂಡಿಸಿ ಪಡಸಾಲೆಗೆ ಬರುವಷ್ಟರಲ್ಲಿ ಬೀಗರು ಹಣೆತುಂಬ ವಿಭೂತಿ ಬಳಿದುಕೊಂಡು ಚಹಾ ಕುಡಿಯುತ್ತಿದ್ದರು.

"ಅಕ್ಕಾರ, ನಿಮ್ಮ ಊರ ನೀರು ಭಾಳ ಮೆತ್ತಗ ಅದಾವ ನೋಡ್ರಿ. ಮೈ ಹಗರಾತು."

ಯಾವ ನೀರು? ನಾನು ಕೇಳುವ ಮೊದಲೇ ಸೊಸೆ ಬಂದು ತೊಟ್ಟಿಯ ಮುಂದೆ ಬಗ್ಗಿದಳು. "ಐದೂ ಅದಾವ್ರಿ ಅತ್ತಿ!" ಅವಳ ಕಣ್ಣು ತುಂಬಿದವು. ನನ್ನ ಬಿ.ಎಸ್ಸಿ. ಸಾರ್ಥಕವಾಯಿತು. "ನೀರು ಇವತ್ತ ಬದಲಿ ಮಾಡೀರೇನ್ರಿ? ಹಳೇದು ಗುಲಾಬಿಗೆ ಹಾಕಿದ್ರ್ಯೋ ಇಲ್ಲೋ? ಮೀನಿನ ಹೊಲಸು ಛಲೋ ಗೊಬ್ಬರ."

ಅಡುಗೆಮನೆಯಿಂದ ನಾದಿನಿ ಇಣುಕಿದಳು. "ಬಚ್ಚಲದಾಗ ಇತ್ತಲ್ಲ, ಅದಾ? ಅದನ್ನ ಕಾಸಿ ನಿಮ್ಮಪ್ಪಾರಿಗೆ ಕೊಟ್ಟೆನಲ್ಲವಾ! ನಳದ ನೀರು ಮಳಿಗಾಲದಾಗ ಹಂಗ ಕೆಂಪ ಇರ್ತದಂತ ಅರಿಬಿಲೆ ಎರಡ ಸಲಾ ಸೋಸೇನಿ. ವೈನಿ ಚೀಟಿ ಹಚ್ಚಿದ್ದನ್ನ ಮಾತ್ರ ಮುಟ್ಟೇ ಇಲ್ಲ."

ಬೀಗರು ಮೆಲ್ಲಗೆ ತಮ್ಮ ತೋಳು ಮೂಸಿ ನೋಡಿಕೊಂಡರು. ಆಮೇಲೆ ತೊಟ್ಟಿಯನ್ನು ನೋಡಿದರು, ಆಮೇಲೆ ನನ್ನನ್ನು.

"ಅಂದ್ರ ಅಕ್ಕಾರ, ಮಗಳ ಮೀನಿಗೆ ಹೊಸಾ ನೀರು, ಮಗಳ ಅಪ್ಪಗ ಹಳೇ ನೀರು?"

ಅದೇ ಹೊತ್ತಿಗೆ ಬಾಗಿಲಲ್ಲಿ, ಮಧ್ಯಾಹ್ನಕ್ಕೆ ಬರಬೇಕಿದ್ದ ಟ್ಯಾಂಕರಿನ ಹಾರ್ನ್ ಆಗಲೇ ಕೇಳಿತು. "ನೀರು ಬಂತು! ಬರ್ರಿ ಬೀಗರ, ಇನ್ನೊಮ್ಮೆ ಜಳಕಾ ಮಾಡೀರಂತ" ಎಂದು ಯಜಮಾನರು ಟವೆಲ್ ಹಿಡಿದು ಓಡಿ ಬಂದರು.

ಬೀಗರು ತೊಟ್ಟಿಯ ಕಡೆ ತಿರುಗಿ ಎರಡೂ ಕೈ ಮುಗಿದರು.

"ಮೊದಲ ಅವರನ್ನ ಕೇಳ್ರಿ. ಅವರಿಗೆ ಸಾಕಾಗಿ ಉಳದ್ರ ನನಗ ಕೊಡ್ರಿ."