ಎಕ್ಸ್‌ಟ್ರಾ ಶೀಟು

ಬೀಗದ ಕಂಪನಿಯ ಸ್ಟೋರ್ ಗುಮಾಸ್ತರು ಆ ಬೆಳಿಗ್ಗೆ ಒಂದು ಹಾಳೆ ಹೆಚ್ಚಿಗೆ ಕೇಳದೇ ಇದ್ದಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ.

ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಅವರು ಮ್ಯಾನೇಜರ ಮುಂದೆ ಆಡಿದ್ದು ಎರಡೇ ಶಬ್ದ: 'ಆಯ್ತು ಸಾರ್'. ಬೀಗಗಳನ್ನು ಅಳತೆಯ ಪ್ರಕಾರ ಜೋಡಿಸಿ ಎಂದರೆ ಆಯ್ತು ಸಾರ್. ಮುಂದಿನ ವಾರ, ಬೇಡ, ನಂಬರಿನ ಪ್ರಕಾರ ಜೋಡಿಸಿ ಎಂದರೆ ಅದಕ್ಕೂ ಆಯ್ತು ಸಾರ್. ಹೀಗಾಗಿ ಆಫೀಸಿನಲ್ಲಿ ಅವರ ಹೆಸರೇ ಆಯ್ತುಸಾರ್ ಎಂದಾಗಿಬಿಟ್ಟಿತ್ತು. ಒಳಗೆ ಕುದಿಯುವುದನ್ನೆಲ್ಲ ಅವರು ಮನೆಗೆ ಒಯ್ದು, ಹೆಂಡತಿಯ ಮುಂದೆ ಪಾತ್ರೆ ಒರೆಸುತ್ತ ಒರೆಸುತ್ತ ಹೇಳಿ ಮುಗಿಸುತ್ತಿದ್ದರು.

ಈಗ ಅವರಿಗೊಂದು ಆಸೆ ಹುಟ್ಟಿತ್ತು. ರಸ್ತೆಯ ಆಚೆ ಬದಿಯಲ್ಲಿ ಹೊಸ ಗೋದಾಮು ತಯಾರಾಗಿತ್ತು. ಅದಕ್ಕೊಬ್ಬ ಮುಖ್ಯಸ್ಥ ಬೇಕಾಗಿತ್ತು. ಸ್ವಂತ ಕೋಣೆ, ದೊಡ್ಡ ಕಿಟಕಿ, ಎಲ್ಲಕ್ಕಿಂತ ಮಿಗಿಲಾಗಿ ಅಲ್ಲಿ ಮ್ಯಾನೇಜರ್ ಇರುವುದಿಲ್ಲ. ಆದರೆ ಹೆಸರನ್ನು ಶಿಫಾರಸು ಮಾಡಬೇಕಾದವರು ಮ್ಯಾನೇಜರೇ. ಪತ್ರ ಅಂದು ಸಂಜೆಯೊಳಗೆ ಮಾಲೀಕರ ಕೈ ಸೇರಬೇಕಿತ್ತು.

ಅಂಥ ದಿನವೇ ಯೂನಿವರ್ಸಿಟಿಯಿಂದ ಒಬ್ಬ ಹುಡುಗಿ ಬಂದಳು. ಕಂಪನಿಗಳಲ್ಲಿ ಜನ ಒಬ್ಬರ ಜೊತೆ ಒಬ್ಬರು ಹೇಗೆ ನಡೆದುಕೊಳ್ಳುತ್ತಾರೆ ಎಂಬುದರ ಮೇಲೆ ಸಂಶೋಧನೆಯಂತೆ. ಮೀಟಿಂಗ್ ರೂಮಿನಲ್ಲಿ ಒಂದು ತಗಡಿನ ಪೆಟ್ಟಿಗೆ ಇಟ್ಟುಕೊಂಡು, ಮ್ಯಾನೇಜರೂ ಸೇರಿದಂತೆ ಮೂವತ್ತೆಂಟು ಜನರಿಗೂ ಒಂದೊಂದು ಪ್ರಶ್ನೆಪತ್ರಿಕೆ ಹಂಚಿದಳು. "ಹೆಸರು ಬರೀಬೇಡಿ. ಮನಸ್ಸಲ್ಲಿರೋದನ್ನ ಬರೀರಿ. ಇದನ್ನ ನಾನು ಬಿಟ್ಟು ಯಾರೂ ಓದಲ್ಲ" ಎಂದಳು. ಪೆಟ್ಟಿಗೆಗೆ ಹಾಕಲು ನಾಲ್ಕುನೂರ ಹದಿನೇಳನೇ ನಂಬರಿನ ಬೀಗವನ್ನು ಸ್ಟೋರಿನಿಂದ ಕೊಟ್ಟವರೂ ಆಯ್ತುಸಾರೇ.

ಕೊನೆಯ ಪ್ರಶ್ನೆ ಹೀಗಿತ್ತು: ನೀವು ದಿನವೂ ಜೊತೆಯಲ್ಲಿ ಕೆಲಸ ಮಾಡುವವರ ಬಗ್ಗೆ ಮುಕ್ತವಾಗಿ ಬರೆಯಿರಿ. ಕೆಳಗೆ ಆರು ಗೆರೆ.

ಆರು ಗೆರೆ ಮುಗಿದದ್ದು ಅವರಿಗೆ ತಿಳಿಯಲೇ ಇಲ್ಲ. ಹಾಳೆ ತಿರುಗಿಸಿ ಹಿಂಬದಿಯನ್ನೂ ತುಂಬಿಸಿದರು. ಪೆನ್ನು ಏರು ಹತ್ತಿದ ಕುದುರೆಯಂತೆ ಬುಸುಗುಡುತ್ತಿತ್ತು. ಆಮೇಲೆ ಎದ್ದು ನಿಂತು, ಪರೀಕ್ಷೆಯ ಕೋಣೆಯಲ್ಲಿ ಕೇಳುವ ಹಾಗೆ ಕೇಳಿದರು: "ಎಕ್ಸ್‌ಟ್ರಾ ಶೀಟ್ ಸಿಗುತ್ತಾ ಮೇಡಂ?"

ತಮ್ಮ ಕ್ಯಾಬಿನ್ನಿನಲ್ಲಿ ಬರೆಯುತ್ತಿದ್ದ ಮ್ಯಾನೇಜರ್ ಒಬ್ಬರನ್ನು ಬಿಟ್ಟು ಇಡೀ ಆಫೀಸು ತಲೆಯೆತ್ತಿ ನೋಡಿತು.

ಹಾಳೆಗೆ ಗುಂಡುಪಿನ್ನು ಚುಚ್ಚಿ ಪೆಟ್ಟಿಗೆಯ ಸೀಳಿನೊಳಗೆ ಬಿಟ್ಟು ಬಂದಾಗ ಅವರ ಮೈ ಹತ್ತಿಯಷ್ಟು ಹಗುರಾಗಿತ್ತು. ಆ ಹಗುರ ಹತ್ತು ನಿಮಿಷವೂ ಉಳಿಯಲಿಲ್ಲ. ಸಾಮಾನು ಸಾಗಿಸುವ ವಿಭಾಗದಲ್ಲಿ ಒಬ್ಬರಿದ್ದರು. ಬಾಯಿ ಮುಚ್ಚದ ಕಾರಣಕ್ಕೆ ಅವರನ್ನು ಎಲ್ಲರೂ ರೇಡಿಯೋ ಎನ್ನುತ್ತಿದ್ದರು. ಅವರು ಕುರ್ಚಿ ಎಳೆದುಕೊಂಡು ಬಂದು ಕೂತರು.

"ಅಣ್ಣಾ, ಏನಿಲ್ಲ, ಸುಮ್ನೆ ಕೇಳ್ತೀನಿ. ಹೊಗಳೋದಕ್ಕೆ ಯಾರಾದ್ರೂ ಎಕ್ಸ್‌ಟ್ರಾ ಶೀಟ್ ತಗೋತಾರಾ?"

"ಹೆಸರು ಬರೆದಿಲ್ಲವಲ್ಲಪ್ಪ."

"ಹೆಸರು ಯಾಕೆ ಬೇಕು? ಇಡೀ ಪೆಟ್ಟಿಗೇಲಿ ಪಿನ್ನು ಹೊಡೆದಿರೋದು ನಿಮ್ಮದೊಂದೇ ಇರುತ್ತೆ. ಮ್ಯಾನೇಜರ್ ಒಂದು ಸಲ ಕೈ ಹಾಕಿದ್ರೆ ಸಾಕು, ಬೆರಳಿಗೇ ಚುಚ್ಚುತ್ತೆ."

ಆಯ್ತುಸಾರ್‌ಗೆ ತಾವು ಬರೆದದ್ದು ಸಾಲುಸಾಲಾಗಿ ಕಣ್ಣ ಮುಂದೆ ಬಂತು. 'ಮ್ಯಾನೇಜರ್ ಇಪ್ಪತ್ತೆರಡು ವರ್ಷದಿಂದ ಒಂದೇ ಜೋಕು ಹೇಳುತ್ತಿದ್ದಾರೆ. ನಕ್ಕು ನಕ್ಕು ನನ್ನ ದವಡೆ ಸವೆದಿದೆ.' 'ಪ್ರಶ್ನೆ ಕೇಳಿ ಉತ್ತರವನ್ನೂ ತಾವೇ ಹೇಳಿ, ಉತ್ತರ ತಪ್ಪು ಎಂದು ನನ್ನನ್ನು ಬೈಯುತ್ತಾರೆ.' ಇವೆರಡೂ ಮೊದಲ ಪುಟದ ಮಾತುಗಳು. ಎಕ್ಸ್‌ಟ್ರಾ ಶೀಟಿನಲ್ಲಿ ಬರೆದದ್ದನ್ನು ನೆನೆಯುವ ಧೈರ್ಯ ಅವರಿಗಿರಲಿಲ್ಲ.

ಮನೆಗೆ ಫೋನ್ ಮಾಡಿದರು. "ರೀ, ನಿಮಗೇನಾದ್ರೂ ಬುದ್ಧಿ ಇದೆಯಾ" ಎಂದು ಹೆಂಡತಿ ತಣ್ಣಗೆ ಕೇಳಿದಳು. "ದಿನಾ ಸಂಜೆ ಕೇಳೋಕೆ ನಾನಿಲ್ವಾ? ಕಾಗದದ ಮೇಲೆ ಯಾಕೆ ಬರೆದ್ರಿ? ಹೋಗಿ ವಾಪಸ್ ಇಸ್ಕೊಳ್ಳಿ."

ಇಸಿದುಕೊಳ್ಳಲು ಹೋದರು. ಕಾಗುಣಿತ ತಪ್ಪಿದೆ, ತಿದ್ದಿ ಕೊಡುತ್ತೇನೆ ಎಂದರು. "ಪರವಾಗಿಲ್ಲ ಸಾರ್, ನಾನು ಅರ್ಥ ಮಾಡ್ಕೋತೀನಿ" ಎಂದು ಆ ಹುಡುಗಿ ನಕ್ಕಳು. ಅವಳು ಅರ್ಥ ಮಾಡಿಕೊಳ್ಳುತ್ತಾಳೆ ಎಂಬುದೇ ಭಯವಾಗಿತ್ತು.

ಟೈಪಿಸ್ಟ್ ಅಕ್ಕ ಬೇರೆ ದಾರಿ ತೋರಿಸಿದರು. "ಈಗಲೇ ಒಳಗೆ ಹೋಗಿ ಮ್ಯಾನೇಜರನ್ನ ಚೆನ್ನಾಗಿ ಹೊಗಳಿ ಬನ್ನಿ. ನಾಳೆ ಓದಿದ್ರೂ ಇವರು ಬರೆದಿರೋದಲ್ಲ ಅಂದ್ಕೋತಾರೆ."

ಕ್ಯಾಬಿನ್ನಿನಲ್ಲಿ ಮ್ಯಾನೇಜರ್ ಒಬ್ಬರೇ ಕುಳಿತು ಕಿಟಕಿಯ ಕಡೆ ನೋಡುತ್ತಿದ್ದರು. ಆಯ್ತುಸಾರ್ ಒಂದೇ ಉಸಿರಿಗೆ, "ಸಾರ್, ನೀವು ತುಂಬಾ ಒಳ್ಳೆಯವರು ಸಾರ್" ಎಂದರು.

ಮ್ಯಾನೇಜರ ಕೈಯಲ್ಲಿದ್ದ ಪೆನ್ನು ಕೆಳಗೆ ಬಿತ್ತು. "ಯಾಕ್ರೀ, ಏನಾಯ್ತು?"

"ಏನೂ ಇಲ್ಲ ಸಾರ್. ಹಾಗೇ ಅನ್ನಿಸ್ತು."

"ನೀವು ಎಕ್ಸ್‌ಟ್ರಾ ಶೀಟ್ ತಗೊಂಡ್ರಂತೆ?"

"ಆಯ್ತು ಸಾರ್" ಎಂದು ಹೇಳಿ ಆಯ್ತುಸಾರ್ ಹೊರಗೆ ಓಡಿಬಂದರು.

ಇನ್ನು ಉಳಿದಿದ್ದು ಒಂದೇ ದಾರಿ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಎದ್ದಾಗ ಅವರು ಸ್ಟೋರಿಗಿಳಿದು, ಪ್ರತಿ ಬೀಗದ ಎರಡನೇ ಕೀಲಿಕೈಯನ್ನು ನೇತುಹಾಕುವ ಹಲಗೆಯ ಮುಂದೆ ನಿಂತರು. ನಾಲ್ಕುನೂರ ಹದಿನಾರು ಇತ್ತು, ಹದಿನೆಂಟು ಇತ್ತು. ನಡುವಿನ ಮೊಳೆ ಖಾಲಿ. ಮೀಟಿಂಗ್ ರೂಮಿಗೆ ಓಡಿದರು. ಹುಡುಗಿ ಊಟಕ್ಕೆ ಹೋಗಿದ್ದಳು. ಪೆಟ್ಟಿಗೆಯ ಬೀಗ ತೆರೆದಿತ್ತು, ಹಲಗೆಯಿಂದ ಕಾಣೆಯಾದ ಕೀಲಿಕೈ ಅದರಲ್ಲೇ ತೂಗಾಡುತ್ತಿತ್ತು.

ಕೈ ಹಾಕಿ ತಡಕಿದರು. ಹಾಳೆಗಳ ರಾಶಿಯೇ ಇಲ್ಲ. ತಳದಲ್ಲೆಲ್ಲೋ ಪಿನ್ನು ಬೆರಳಿಗೆ ಚುಚ್ಚಿತು. ಅದನ್ನೇ ಎಳೆದುಕೊಂಡು ಅಂಗಿಯೊಳಗೆ ತುರುಕುವಷ್ಟರಲ್ಲಿ ಹೊರಗೆ ಹೆಜ್ಜೆಯ ಸದ್ದು. ಬೀರುವಿನ ಹಿಂದೆ ಸರಿದು ಉಸಿರು ಬಿಗಿಹಿಡಿದರು.

ಒಳಗೆ ಬಂದವರು ಮ್ಯಾನೇಜರ್. ಅತ್ತಿತ್ತ ನೋಡಿ, ಪೆಟ್ಟಿಗೆಗೆ ಕೈ ಹಾಕಿ, "ಹಾ" ಎಂದು ಬೆರಳನ್ನು ಬಾಯಲ್ಲಿಟ್ಟುಕೊಂಡು, ಅವರೂ ಒಂದು ಪಿನ್ನು ಹೊಡೆದ ಹಾಳೆಯನ್ನು ತೆಗೆದರು. ಕನ್ನಡಕ ಏರಿಸಿ ಓದತೊಡಗಿದರು. ಓದುತ್ತ ಓದುತ್ತ ಮೆಲ್ಲಗೆ ಕುರ್ಚಿಯ ಮೇಲೆ ಕುಸಿದರು.

ಆಯ್ತುಸಾರ್ ತಮ್ಮ ಅಂಗಿಯೊಳಗಿನ ಹಾಳೆ ತೆಗೆದು ನೋಡಿದರು. ಅಕ್ಷರ ತಮ್ಮದಲ್ಲ. 'ಸ್ಟೋರಿನವರು ಇಪ್ಪತ್ತೆರಡು ವರ್ಷದಿಂದ ನನ್ನ ಮಾತಿಗೆಲ್ಲ ಆಯ್ತು ಎನ್ನುತ್ತಿದ್ದಾರೆ. ಯಾವ ಮನುಷ್ಯನಿಗೂ ಎಲ್ಲವೂ ಆಯ್ತು ಆಗಿರಲು ಸಾಧ್ಯವಿಲ್ಲ. ಅವರ ಮನಸ್ಸಿನಲ್ಲಿ ಏನಿದೆಯೋ ಎಂದು ನನಗೆ ಭಯ. ಅವರು ಬಂದು ನಿಂತರೆ ಏನು ಮಾತಾಡಬೇಕೋ ತೋಚದೆ ಗೊತ್ತಿರುವ ಒಂದೇ ಜೋಕನ್ನು ಹೇಳಿಬಿಡುತ್ತೇನೆ.' ಅದಕ್ಕೂ ಎಕ್ಸ್‌ಟ್ರಾ ಶೀಟು ಜೋಡಿಸಿತ್ತು.

ಆಯ್ತುಸಾರ್ ಸೊಂಟದ ಕೀಲಿಗೊಂಚಲು ಝಣ್ ಎಂದಿತು.

ಇಬ್ಬರೂ ಎದುರುಬದುರಾದರು. ಒಬ್ಬರ ಹಾಳೆ ಇನ್ನೊಬ್ಬರ ಕೈಯಲ್ಲಿ.

"ಜೋಕು ಅಷ್ಟು ಕೆಟ್ಟದಾಗಿದೆಯೇನ್ರೀ?" ಮ್ಯಾನೇಜರ್ ಕೇಳಿದರು.

"ಮೊದಲನೇ ವರ್ಷ ಚೆನ್ನಾಗಿತ್ತು ಸಾರ್."

ಮ್ಯಾನೇಜರ ಭುಜಗಳು ಕುಲುಕಿದವು. ಅಳುತ್ತಿದ್ದಾರೆಯೇ ಎಂದು ಆಯ್ತುಸಾರ್ ಗಾಬರಿಯಾದರು, ಆದರೆ ಅವರು ನಗುತ್ತಿದ್ದರು. ನಗು ಆಯ್ತುಸಾರ್‌ಗೂ ಹತ್ತಿತು. ಇಪ್ಪತ್ತೆರಡು ವರ್ಷದಲ್ಲಿ ಅವರು ಮ್ಯಾನೇಜರ ಮುಂದೆ ನಿಜವಾಗಿ ನಕ್ಕದ್ದು ಅದೇ ಮೊದಲು.

ಅಷ್ಟರಲ್ಲಿ ಹುಡುಗಿ ಊಟ ಮುಗಿಸಿ ಬಂದು ಪೆಟ್ಟಿಗೆಯೊಳಗೆ ಇಣುಕಿದಳು. ಬೆಳಿಗ್ಗೆಯಿಂದ ಅವಳು ಎದ್ದು ಆಚೆ ಹೋದಾಗಲೆಲ್ಲ ಮಿಕ್ಕ ಮೂವತ್ತಾರು ಜನರೂ ಒಬ್ಬೊಬ್ಬರಾಗಿ ಬಂದು, ಆ ಎರಡನೇ ಕೀಲಿಕೈಯಿಂದ ಬೀಗ ತೆರೆದು ತಮ್ಮತಮ್ಮ ಹಾಳೆ ಒಯ್ದಿದ್ದರು. "ಪರವಾಗಿಲ್ಲ ಸಾರ್, ಇದೂ ಒಂದು ಉತ್ತರಾನೇ" ಎಂದು ನೋಟ್‌ಬುಕ್ಕಿನಲ್ಲಿ ಏನನ್ನೋ ಬರೆದುಕೊಂಡು, ಖಾಲಿ ಪೆಟ್ಟಿಗೆ ಬಗಲಲ್ಲಿಟ್ಟುಕೊಂಡು ಹೊರಟಳು.

ಮ್ಯಾನೇಜರ್ ಆಯ್ತುಸಾರ್ ಅವರ ಹೆಗಲ ಮೇಲೆ ಕೈ ಹಾಕಿ ಕ್ಯಾಬಿನ್ನಿಗೆ ಕರೆದೊಯ್ದರು. ಡ್ರಾಯರಿನಿಂದ ಒಂದು ಲಕೋಟೆ ತೆಗೆದರು.

"ನಿಮ್ಮ ಹತ್ರ ಇನ್ನೇನು ಮುಚ್ಚುಮರೆ. ನಿಮಗೆ ಹೆದರಿ ಬೆಳಿಗ್ಗೇನೇ ನಿಮ್ಮ ಹೆಸರು ಬರೆದು, ಸಹಿ ಹಾಕಿ ಇಟ್ಟಿದ್ದೆ. ಹೊಸ ಗೋದಾಮಿಗೆ. ಹೇಗಾದ್ರೂ ಮಾಡಿ ನಿಮ್ಮನ್ನ ರಸ್ತೆ ಆಚೆ ಕಳಿಸಿಬಿಡೋಣ ಅಂತ."

ಆಯ್ತುಸಾರ್ ಮುಖ ಅರಳಿತು. ಕೈ ಚಾಚಿದರು.

ಮ್ಯಾನೇಜರ್ ಲಕೋಟೆಯನ್ನು ಎರಡು ಚೂರು ಮಾಡಿದರು, ನಾಲ್ಕು ಮಾಡಿದರು.

"ಈಗ ಹೇಗೆ ಕಳಿಸ್ಲಿ ಹೇಳಿ. ನನಗೆ ಮುಖಕ್ಕೆ ನಿಜ ಹೇಳೋ ಒಬ್ಬ ಮನುಷ್ಯ ಸಿಕ್ಕಿದ್ದೇ ಇವತ್ತು. ಗೋದಾಮಿಗೆ ರೇಡಿಯೋನ ಹಾಕೋಣ. ನಿಮ್ಮ ಮೇಜು ಇನ್ನು ಮೇಲೆ ಇಲ್ಲೇ, ನನ್ನ ಎದುರಿಗೇ."

ಸಂಜೆ ಇಡೀ ಆಫೀಸು ಕೆಲಸ ಬಿಟ್ಟು ನಿಂತು ನೋಡಿತು. ಸ್ಟೋರಿನ ಮೆಟ್ಟಿಲುಗಳ ಮೇಲೆ ಆಯ್ತುಸಾರ್ ಒಂದು ತುದಿ, ಮ್ಯಾನೇಜರ್ ಒಂದು ತುದಿ ಹಿಡಿದು ಆ ಹಳೇ ಮರದ ಮೇಜನ್ನು ಹೊತ್ತು ತರುತ್ತಿದ್ದರು.

"ಭಾರ ಆಗ್ತಿದೆಯೇನ್ರೀ?" ಮ್ಯಾನೇಜರ್ ಮೇಲಿನಿಂದ ಪ್ರೀತಿಯಿಂದ ಕೇಳಿದರು. "ನಿಜ ಹೇಳ್ಬೇಕು."

"ತುಂಬಾ ಆಗ್ತಿದೆ ಸಾರ್."

"ಭೇಷ್" ಎಂದ ಮ್ಯಾನೇಜರ್, ಮೇಜನ್ನು ಕೆಳಗಿಡದೆ ಮುಂದಿನ ಮೆಟ್ಟಿಲು ಹತ್ತಿದರು.